ಐದು ಒಂಬತ್ತು ಒಂಬತ್ತು

ಆ ದೇಶದ ಹೆಸರನ್ನು ನಾನು ಹೇಳುವುದಿಲ್ಲ. ಅದರ ಮೇಲೆ ನನಗೆ ಸಿಟ್ಟಿದೆ. ಭೂಪಟದಲ್ಲಿ ಹುಡುಕಿದರೆ ಸಾಸಿವೆ ಕಾಳಿನಷ್ಟು ಕಾಣುವ ದ್ವೀಪ. ಒಂದು ವಿಮಾನ ನಿಲ್ದಾಣ, ಒಂದಿಷ್ಟು ತೆಂಗಿನ ಮರ, ಒಂದು ಸರ್ಕಾರಿ ಕಟ್ಟಡದ ಮಹಡಿಯಲ್ಲಿ ರೇಡಿಯೊ ಲೈಸೆನ್ಸ್ ಕೊಡುವ ಕಚೇರಿ. ನನಗೆ ಗೊತ್ತಿರುವುದು ಇಷ್ಟೇ, ಅದೂ ಗೆಳೆಯ ಅಮೃತೇಶ್ ಹೇಳಿದ್ದು. ಅವನು ಹೋಗಿ ನೋಡಿದ. ನಾನು ನಂಜನಗೂಡಿನ ನನ್ನ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಇದ್ದೆ.

ನಾನು ಶಿವರಾಜು. ಹುಟ್ಟಿದ್ದು ಕಳಲೆ, ಈಗ ಮನೆ ನಂಜನಗೂಡಿನಲ್ಲಿ, ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಹವ್ಯಾಸಿ ರೇಡಿಯೊ ಎಂಬ ಹುಚ್ಚು ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಮನೆಯಲ್ಲಿ ಒಂದು ಸೆಟ್ಟು, ತಾರಸಿಯ ಮೇಲೆ ಒಂದು ತಂತಿ, ಸರ್ಕಾರದ ಲೈಸೆನ್ಸು, ಇಷ್ಟಿದ್ದರೆ ಸಮುದ್ರದಾಚೆಯವರ ಜೊತೆ ನೇರವಾಗಿ ಮಾತಾಡಬಹುದು. ಈ ಕಾಲದಲ್ಲಿ ಫೋನ್ ಇದೆಯಲ್ಲ ಎನ್ನುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕಪಿಲೆಯ ದಡದಲ್ಲಿ ಗಾಳ ಹಾಕಿ ಕೂತವನನ್ನು, ಅಂಗಡಿಯಲ್ಲೇ ಮೀನು ಸಿಗುತ್ತದಲ್ಲ ಎಂದು ಯಾರೂ ಕೇಳುವುದಿಲ್ಲ. ನಮ್ಮನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ನಾನು ಬಾಯಲ್ಲಿ ಮಾತಾಡುವವನಲ್ಲ, ಮೋರ್ಸ್‌ನವನು. ಚುಕ್ಕಿ, ಗೆರೆ, ಚುಕ್ಕಿ. ಕಿವಿಗೆ ಅದು ಸಣ್ಣ ಕೊಳಲಿನ ಸದ್ದಿನಂತೆ ಬೀಳುತ್ತದೆ, ಅಕ್ಷರವಾಗಿ ತಲೆಗೆ ಹೋಗುತ್ತದೆ. ಬಹಳ ದೂರದ ಸದ್ದು ಎಷ್ಟು ಕ್ಷೀಣವಾಗಿರುತ್ತದೆ ಎಂದರೆ, ನಮ್ಮ ಮನೆಯಲ್ಲಿ ನಾನು ಸೆಟ್ಟಿನ ಮುಂದೆ ಕೂತಾಗ ಮಿಕ್ಸಿ ಹಾಕುವಂತಿರಲಿಲ್ಲ. ಮಿಕ್ಸಿಯ ಮೋಟಾರಿನಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯ ಗಲಾಟೆಯೆಲ್ಲ ತಾರಸಿಯ ತಂತಿಗೆ ಸಿಕ್ಕಿ ಕಿವಿಗೆ ಬಂದು ಬಡಿಯುತ್ತದೆ. ಮದುವೆಯಾದ ಹೊಸದರಲ್ಲಿ ನಾಗರತ್ನ ಒಂದು ಸಂಜೆ ಚಟ್ನಿಗೆ ಹಾಕಿದಾಗ ನಾನು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಅವತ್ತಿನಿಂದ ನನ್ನ ಹೆಡ್‌ಫೋನ್ ಗೂಟದಲ್ಲಿ ನೇತಾಡುತ್ತಿದೆಯೇ ಎಂದು ನೋಡಿಕೊಂಡೇ ಅವಳು ಮಿಕ್ಸಿಯ ಸ್ವಿಚ್ ಮುಟ್ಟುತ್ತಿದ್ದಳು. ಅದಕ್ಕಾಗಿ ಅವಳು ಒಂದು ಮಾತೂ ಆಡಿದವಳಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಸಿಕ್ಕಿದರೆ ಮೊದಲು ಅವರ ಸದ್ದು ಹೇಗೆ ಕೇಳಿಸುತ್ತಿದೆ ಎಂದು ಮೂರು ಅಂಕಿಯಲ್ಲಿ ಹೇಳಬೇಕು. ಸ್ಪಷ್ಟತೆಗೆ ಐದರ ತನಕ, ಬಲಕ್ಕೆ ಒಂಬತ್ತರ ತನಕ, ಸ್ವರಕ್ಕೆ ಒಂಬತ್ತರ ತನಕ. ಐದು ಒಂಬತ್ತು ಒಂಬತ್ತು ಎಂದರೆ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸಿತು ಎಂದರ್ಥ. ಈಗ ಎಲ್ಲರೂ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಅರ್ಧ ಕೇಳಿಸಿರಲಿ, ಕಾಲು ಕೇಳಿಸಿರಲಿ, ಐದು ಒಂಬತ್ತು ಒಂಬತ್ತು, ಥ್ಯಾಂಕ್ಯೂ, ಮುಂದಕ್ಕೆ ನಡಿ. ನನಗೆ ಅದು ಆಗದು. ಮೂರು ಮೂರು ಒಂಬತ್ತು ಇದ್ದರೆ ಮೂರು ಮೂರು ಒಂಬತ್ತೇ ಕೊಡುತ್ತಿದ್ದೆ. ಜಪಾನಿನವನೊಬ್ಬ ಇದಕ್ಕೇ ಮುನಿಸಿಕೊಂಡು ಮಾತು ಬಿಟ್ಟಿದ್ದ. ಕೇಳಿಸದ್ದನ್ನು ಕೇಳಿಸಿತು ಎನ್ನುವುದಕ್ಕೆ ಈ ಹವ್ಯಾಸ ಯಾಕೆ ಬೇಕು ಎನ್ನುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಮೃತೇಶ್ ತಿರುಮಕೂಡಲು ನರಸೀಪುರದವನು, ಅಲ್ಲೇ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೆ ಮೋರ್ಸ್ ಕಲಿಸಿದ್ದು ನಾನೇ. ಅವನೂರಿನಲ್ಲಿ ಕೂಡುವ ಎರಡೂ ಹೊಳೆ ಉಕ್ಕಿ ಅಲ್ಲಿ ಫೋನುಗಳೆಲ್ಲ ಸತ್ತ ವರ್ಷ, ಅವನು ಅಲ್ಲಿಂದ ನಾನು ಇಲ್ಲಿಂದ ತಾಲ್ಲೂಕು ಕಚೇರಿಗಳಿಗೆ ಸುದ್ದಿ ಮುಟ್ಟಿಸಿದ್ದೆವು. ಆಗ ಶಾಲು ಹೊದಿಸಿದರು. ಆಮೇಲೆ ಮರೆತರು.

ನಮ್ಮಿಬ್ಬರಿಗೂ ಒಂದು ಆಸೆ. ಇಂಡಿಯಾದಿಂದ ಕೂಗಿದರೆ ಯಾರಿಗೂ ಅಷ್ಟೇನೂ ಅಕ್ಕರೆಯಿಲ್ಲ, ಇಲ್ಲಿ ನಮ್ಮಂಥವರು ಬೇಕಾದಷ್ಟಿದ್ದಾರೆ. ಆದರೆ ಹವ್ಯಾಸಿಗಳೇ ಇಲ್ಲದ ಪುಟ್ಟ ದೇಶವೊಂದಕ್ಕೆ ಹೋಗಿ, ಅಲ್ಲಿಯ ಲೈಸೆನ್ಸ್ ಪಡೆದು, ಅಲ್ಲಿಂದ ಒಮ್ಮೆ ಕೂಗಿದರೆ ಲೋಕವೆಲ್ಲ ಮೇಲೆ ಬಿದ್ದು ಉತ್ತರ ಕೊಡುತ್ತದೆ. ನೂರಾರು ಜನ ಒಟ್ಟಿಗೆ ನಿಮ್ಮನ್ನೇ ಕರೆಯುತ್ತಾರೆ. ಆ ಗದ್ದಲದೊಳಗಿಂದ ಒಂದೊಂದೇ ಹೆಸರನ್ನು ಹೆಕ್ಕಿ ತೆಗೆಯಬೇಕು. ಜೀವನಪೂರ್ತಿ ನಾನು ಆ ಗುಂಪಿನಲ್ಲಿ ನಿಂತು ಕೂಗಿದವನು. ಒಂದೇ ಒಂದು ಸಲ ಆ ಕಡೆ ಕೂತು ಕೇಳಬೇಕು ಎಂದಿತ್ತು.

ಅಷ್ಟರಲ್ಲಿ ನನ್ನ ಕಿವಿ ಹೋಗತೊಡಗಿತು.

ಮೊದಲು ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ. ಬಿಲ್ ಕಟ್ಟುವ ಕೌಂಟರಿನಲ್ಲಿ ಜನ ಕೂಗಿ ಕೂಗಿ ಬೇಸತ್ತಾಗ ಸಾಹೇಬರು ನನ್ನನ್ನು ಒಳಗಿನ ಸ್ಟೋರ್ ರೂಮಿಗೆ ಹಾಕಿದರು. ಮೈಸೂರಿನ ಕಿವಿ ಡಾಕ್ಟರು ನರ ಸೋತಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ, ಯಾವಾಗ ಎಂದು ಹೇಳಲಾಗದು. ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ನೋಡಿದೆ, ಪಾತ್ರೆ ಅಂಗಡಿಯೊಳಗೆ ಕೂತಂತಾಯಿತು, ತೆಗೆದಿಟ್ಟೆ. ಸೆಟ್ಟಿನಲ್ಲಿ ಮೋರ್ಸ್‌ನ ಸ್ವರವನ್ನು ಬೇಕಾದಂತೆ ಏರಿಸಿ ಇಳಿಸಿಕೊಳ್ಳಲು ಒಂದು ತಿರುಪು ಇದೆ. ಸಣ್ಣ ಸ್ವರ ಕಿವಿಗೆ ಎಟುಕದಾದಾಗ ಅದನ್ನು ಇಳಿಸಿದೆ. ಕೊಳಲು ಹೋಗಿ ಕಪ್ಪೆಯಾಯಿತು. ಇನ್ನಷ್ಟು ಇಳಿಸಿದೆ. ಕಂಪ್ಯೂಟರಿಗೆ ಕೊಟ್ಟರೆ ಅದೇ ಓದಿ ಬರೆದು ತೋರಿಸುತ್ತದೆ ಎಂದು ಕೆಲವರು ಬುದ್ಧಿ ಹೇಳಿದರು. ನನ್ನ ಊಟವನ್ನು ಇನ್ನೊಬ್ಬ ಅಗಿದು ಕೊಡುವುದು ನನಗೆ ಬೇಡ.

"ಹೊರಡೋಣ ಕಣಯ್ಯ," ಎಂದು ಅಮೃತೇಶನಿಗೆ ಹೇಳಿದ್ದು ಆಗ. ಬಲಗಿವಿ ಮುಗಿದಿತ್ತು, ಎಡಗಿವಿಯಲ್ಲಿ ಇನ್ನೂ ಜೀವವಿತ್ತು.

ನಮ್ಮ ದೇಶದಲ್ಲಿ ಒಂದು ಜೊತೆ ಒಳ್ಳೆಯ ಚಪ್ಪಲಿಯ ದುಡ್ಡಿಗೆ ಜೀವಮಾನದ ಲೈಸೆನ್ಸ್ ಸಿಗುತ್ತದೆ. ಆ ಸಾಸಿವೆ ಕಾಳು ದೇಶ, ಹೊರಗಿನವರು ಹದಿನೈದು ದಿನ ಕೂತೆದ್ದು ಹೋಗುವುದಕ್ಕೆ ಕೇಳಿದ್ದು ನನ್ನ ಒಂದು ತಿಂಗಳ ಸಂಬಳ. ಅದೂ ತಲೆಗೆ ಒಂದರಂತೆ. ಕೂಡಿಟ್ಟದ್ದು ಇತ್ತು. ಟಿಕೆಟ್ಟಿಗೂ ಲೈಸೆನ್ಸಿಗೂ ಸರಿಹೋಗುತ್ತಿತ್ತು. ಡಾಲರ್ ಎಂಬತ್ತಮೂರರ ಆಸುಪಾಸಿನಲ್ಲಿತ್ತು.

"ಅಣ್ಣ, ಸ್ವಲ್ಪ ತಡೀರಿ. ಇಳೀತದೆ ಕಣಣ್ಣ," ಎಂದ ಅಮೃತೇಶ್, ನರಸೀಪುರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಎಡಗಿವಿಯ ಹತ್ತಿರ ಬಾಗಿ. "ಎರಡು ರೂಪಾಯಿ ಇಳುದ್ರೂ ಒಂದು ಕಡೆ ಟಿಕೆಟ್ ಉಳ್ಕತದೆ."

"ನನ್ನ ಕಿವಿ ತಡೀಬೇಕಲ್ಲಯ್ಯ," ಎಂದೆ.

"ತಡೀತದೆ ಬುಡಿ."

ಮೊದಲೆಲ್ಲ ಬೆಳಿಗ್ಗೆ ಎದ್ದರೆ ಅವನು ಸೂರ್ಯನ ಕಲೆಗಳ ಸುದ್ದಿ ಕಳಿಸುತ್ತಿದ್ದ. ಸೂರ್ಯನಲ್ಲಿ ಕಲೆ ಹೆಚ್ಚಾದರೆ ನಮ್ಮ ಅಲೆಗಳು ದೂರ ಹೋಗುತ್ತವೆ. ಈಗ ಡಾಲರಿನ ದರ ಕಳಿಸತೊಡಗಿದ. ಇವತ್ತು ಎಂಬತ್ತನಾಲ್ಕು. ಇವತ್ತು ಹತ್ತು ಪೈಸೆ ಇಳಿದಿದೆ ಅಣ್ಣ, ನೋಡೋಣ. ಇವತ್ತು ಎಂಬತ್ತೈದೂವರೆ. ನಾನು ಸ್ವರದ ತಿರುಪನ್ನು ಇನ್ನಷ್ಟು ಇಳಿಸಿದೆ. ರೂಪಾಯಿ ಬಿತ್ತು, ಸೂರ್ಯನ ಕಲೆಗಳೂ ಕಮ್ಮಿಯಾಗತೊಡಗಿದವು. ಅಷ್ಟರಲ್ಲಿ ಆ ದೇಶದವರು ಫೀಸನ್ನೇ ಏರಿಸಿದರು. ಇಬ್ಬರು ಹೋಗಲು ಇದ್ದ ದುಡ್ಡು ಒಬ್ಬರಿಗೆ ಸಾಕಾಗುವಷ್ಟು ಆಯಿತು.

ನಾಗರತ್ನ ಒಂದು ದಿನ ನನ್ನ ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ಆ ದುಡ್ಡಲ್ಲಿ ಕಿವಿಗೆ ಒಳ್ಳೆ ಮಿಸಿನ್ ಆಕಿಸ್ಕಳಿ. ಯಾವ್ದೋ ಊರ್ನೋರು ಕೂಗದ ಕೇಳಕೆ ಅಷ್ಟು ದೂರ ಓಗ್ಬೇಕಾ? ಇಲ್ಲಿ ನಾ ಕೂಗ್ತಿಲ್ವಾ?"

ನಾನು ರೇಗಿದೆ. ಅವಳು ಎದ್ದು ಹೋದಳು. ಅವಳ ಮಾತು ಸರಿ ಎಂದು ನನಗೆ ಆಗಲೇ ಗೊತ್ತಿತ್ತು, ಅದಕ್ಕೇ ರೇಗಿದ್ದು.

ಕಳೆದ ಮಳೆಗಾಲದಲ್ಲಿ ಎಡಗಿವಿಯೂ ಮುಗಿಯಿತು. ಹೆಡ್‌ಫೋನ್ ಹಾಕಿಕೊಂಡು, ತಿರುಪುಗಳನ್ನೆಲ್ಲ ಕೊನೆಗೆ ತಂದರೂ, ತುಂಬಿದ ಬಾವಿಗೆ ಕಿವಿ ಕೊಟ್ಟ ಹಾಗೆ. ಏನೂ ಇಲ್ಲ. ನಾನು ಸೆಟ್ಟಿನ ಮೇಲೆ ತಲೆಯಿಟ್ಟು ಅತ್ತೆ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಮೃತೇಶನಿಗೆ ಮಾತ್ರ ಹೇಳಲಿಲ್ಲ. ಮಾತು ಕೇಳುವುದಿಲ್ಲ, ಮೋರ್ಸ್ ಇನ್ನೂ ಕೇಳುತ್ತದೆ ಎಂದು ಅವನು ನಂಬಿದ್ದ. ನಂಬಿರಲಿ ಎಂದು ಬಿಟ್ಟೆ. ಅವನು ಒಬ್ಬನೇ ಹೊರಡಬೇಕಾದರೆ ಹಾಗೆ ನಂಬಿರುವುದೇ ಒಳ್ಳೆಯದಿತ್ತು. ನಾನೇ ಮೆಸೇಜು ಕಳಿಸಿದೆ: "ನೀನು ಹೋಗು. ಅಲ್ಲಿಂದ ಮೊದಲು ನನ್ನನ್ನು ಕರೆ. ನಿಧಾನವಾಗಿ ಕಳಿಸು. ಅಷ್ಟು ಸಾಕು."

ಅಷ್ಟು ಸಾಕು ಎಂದರೆ ಅಷ್ಟೇ. ಲೋಕ ನನ್ನನ್ನು ಕರೆಯಲಿ ಎಂಬ ಆಸೆ ಹೋಯಿತು. ನಾನು ಕಲಿಸಿದವನು ಆ ದೇಶದಿಂದ ಮೊದಲು ನನ್ನನ್ನು ಕರೆದ, ನಾನು ಉತ್ತರ ಕೊಟ್ಟೆ ಎಂದಾದರೆ ಸೆಟ್ಟಿಗೆ ಬಟ್ಟೆ ಹೊದಿಸಿ ಎದ್ದುಬಿಡುವೆ ಎಂದುಕೊಂಡೆ. ಕೇಳದೆ ಉತ್ತರ ಕೊಡುವುದು ಹೇಗೆ? ನನ್ನದು ಹಳೆಯ ಕಾಲದ ಸೆಟ್ಟು. ಮುಂದುಗಡೆ ಗಡಿಯಾರದಂಥ ಗಾಜಿನೊಳಗೆ ಒಂದು ಮುಳ್ಳಿದೆ. ಸದ್ದು ಬಂದರೆ ಮುಳ್ಳು ಏಳುತ್ತದೆ, ನಿಂತರೆ ಮಲಗುತ್ತದೆ. ಗೊತ್ತುಮಾಡಿಕೊಂಡ ಹೊತ್ತಿಗೆ, ಡಯಲಿನಲ್ಲಿ ಗೊತ್ತುಮಾಡಿಕೊಂಡ ಜಾಗದಲ್ಲಿ ಮುಳ್ಳು ಎದ್ದರೆ ಅವನೇ.

ಫೀಸನ್ನು ಮುಂಚಿತವಾಗಿ ಬ್ಯಾಂಕಿನ ಮೂಲಕ ಕಳಿಸಬೇಕು, ಅಲ್ಲಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿದರೆ ಲೈಸೆನ್ಸ್ ಕೈಗೆ ಕೊಡುತ್ತಾರೆ. ಡಾಲರ್ ಆಗ ತೊಂಬತ್ತಕ್ಕೆ ಬಂದು ಕೂತಿತ್ತು. ನರಸೀಪುರದ ಬ್ಯಾಂಕಿಗೆ ನಾನೂ ಹೋಗಿದ್ದೆ. ಅಲ್ಲಿಯ ಮಾತುಕತೆಯನ್ನು ಅಮೃತೇಶ್ ಆಮೇಲೆ ನಗುತ್ತಾ ಫೋನಿನಲ್ಲಿ ಬರೆದು ತೋರಿಸಿದ.

"ಏನಕ್ಕೆ ಅಂತ ಹಾಕ್ಲಿ ಸಾ? ಓದೋದಿಕ್ಕಾ, ಆಸ್ಪತ್ರೆಗಾ, ಟೂರಿಗಾ?" ಎಂದರಂತೆ ಮ್ಯಾನೇಜರು.

"ಲೈಸೆನ್ಸ್ ಫೀಸು. ರೇಡಿಯೊದು."

"ರೇಡಿಯೊ ಲೈಸೆನ್ಸು ನಮ್ಮಪ್ಪನ ಕಾಲಕ್ಕೇ ತೆಗೆದ್ರಲ್ಲ ಸಾ."

ನಮ್ಮ ಹವ್ಯಾಸದಲ್ಲಿ ಮೊದಲು ಕಲಿಸುವ ಶಿಸ್ತು ಒಂದಿದೆ. ಎದುರಿನವನಿಗೆ ಮುಟ್ಟಲು ಎಷ್ಟು ಪವರ್ ಬೇಕೋ ಅಷ್ಟೇ ಹಾಕಬೇಕು, ಒಂದು ಚೂರೂ ಹೆಚ್ಚು ಹಾಕಬಾರದು. ಹೆಚ್ಚು ಹಾಕುವವನನ್ನು ನಾವು ಗೂಳಿ ಎನ್ನುತ್ತೇವೆ. ಅಮೃತೇಶ್ ದುಡ್ಡನ್ನೂ ಹಾಗೇ ಕಳಿಸಿದ. ಅವರ ದುಡ್ಡಿನಲ್ಲಿ ಹೇಳಿದ ಫೀಸು ಆ ದಿನದ ದರಕ್ಕೆ ಎಷ್ಟು ಡಾಲರಾಗುತ್ತದೋ ಕಡೆಯ ಸೆಂಟಿನ ತನಕ ಲೆಕ್ಕ ಹಾಕಿ, ಅಷ್ಟೇ. ಬೇರೆ ಯಾರೇ ಆಗಿದ್ದರೂ ಇರಲಿ ಎಂದು ಮೇಲೊಂದಿಷ್ಟು ಸೇರಿಸುತ್ತಿದ್ದರು. ನಾವು ರೇಡಿಯೊ ಹವ್ಯಾಸಿಗಳು, ಹ್ಯಾಮ್‌ಗಳು. ಅವನು ನನ್ನ ಮುಖ ನೋಡಿದ, ನಾನು ಮೆಚ್ಚಿ ತಲೆಯಾಡಿಸಿದೆ.

ಅವನು ಹೊರಟ. ಮೊದಲ ಮಾತುಕತೆಗೆ ನಾವು ಗೊತ್ತುಮಾಡಿದ್ದು ಗೋಧೂಳಿಯ ಹೊತ್ತು. ಹಗಲೂ ರಾತ್ರಿಯೂ ಕೂಡುವ ಆ ಗಳಿಗೆಯಲ್ಲಿ ಅಲೆಗಳು ಚೆನ್ನಾಗಿ ಓಡುತ್ತವೆ. ನಾಗರತ್ನನಿಗೆ ಹೇಳಿದೆ, "ಇವತ್ತು ಅಮೃತೇಶ್ ಸಿಗ್ತಾನೆ." ಅವಳು ಏನನ್ನೋ ಅಂದಳು, ನಕ್ಕಳು, ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಸೆಟ್ಟು ಹಾಕಿದೆ. ಹೆಡ್‌ಫೋನ್ ಗೂಟದಲ್ಲೇ ಇತ್ತು, ತೆಗೆದುಕೊಂಡು ಏನು ಮಾಡಲಿ. ಸ್ಪೀಕರಿನ ಜಾಲಿಯ ಮೇಲೆ ಎಡಗೈ ಬೆರಳಿಟ್ಟು, ಬಲಗೈಯನ್ನು ಮೋರ್ಸ್ ಕೀ ಮೇಲಿಟ್ಟು, ಮುಳ್ಳನ್ನೇ ನೋಡುತ್ತಾ ಕೂತೆ. ಮುಳ್ಳು ಮಲಗಿತ್ತು. ಕಿಟಕಿಯಾಚೆ ಬೆಳಕು ಕೆಂಪಾಯಿತು. ಬರುವುದಿಲ್ಲ ಎಂದುಕೊಳ್ಳುತ್ತಿದ್ದಂತೆಯೇ ಮುಳ್ಳು ಎದ್ದಿತು.

ಎದ್ದಿತು, ಮಲಗಿತು. ಮತ್ತೆ ಎದ್ದಿತು. ಒಮ್ಮೆ ಚಿಕ್ಕದಾಗಿ, ಒಮ್ಮೆ ಉದ್ದಕ್ಕೆ. ಬೆರಳ ಕೆಳಗೆ ಸ್ಪೀಕರ್ ನಡುಗುತ್ತಿತ್ತು. ನಿಧಾನವಾಗಿ ಕಳಿಸು ಎಂದಿದ್ದೆನಲ್ಲ, ಎಷ್ಟು ನಿಧಾನವಾಗಿ ಕಳಿಸುತ್ತಿದ್ದಾನೆ ನನ್ನ ಹುಡುಗ ಎಂದುಕೊಂಡೆ. ಮುಳ್ಳು ಮಲಗಿದ ಕೂಡಲೆ ಲೈಸೆನ್ಸಿನಲ್ಲಿರುವ ನನ್ನ ಕರೆ ಹೆಸರನ್ನು ಕಳಿಸಿದೆ. ಕೈ ನಿಂತ ಮೇಲೆ ಮುಳ್ಳು ಮತ್ತೆ ಎದ್ದಿತು. ಉತ್ತರ. ಏನೆಂದು ಓದಲಾಗಲಿಲ್ಲ, ಆದರೆ ಉತ್ತರ.

ಆಗ ನಾನು ಅದನ್ನು ಕೊಟ್ಟೆ. ಇಪ್ಪತ್ತು ವರ್ಷ ಸುಮ್ಮಸುಮ್ಮನೆ ಯಾರಿಗೂ ಕೊಡದಿದ್ದವನು, ಚುಕ್ಕಿಗೆರೆ ಒಂದೂ ತಪ್ಪದಂತೆ ಕೊಟ್ಟೆ. ಐದು ಒಂಬತ್ತು ಒಂಬತ್ತು. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸಿತು, ಅಮೃತೇಶ್. ಮುಳ್ಳು ಇನ್ನೊಂದು ಸಲ ಸಣ್ಣಗೆ ಎದ್ದು ಮಲಗಿತು. ಥ್ಯಾಂಕ್ಯೂ ಅಂದನಲ್ಲ ಎಂದು ನಾನೂ ಥ್ಯಾಂಕ್ಯೂ ಕಳಿಸಿ ಸೆಟ್ಟು ಆರಿಸಿದೆ. ಆ ಸಂಜೆ ನಾನು ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಅವನಿಗೆ ಫೋನಿನಲ್ಲೂ ಬರೆದೆ: "599 ಕಣೋ. ಕನ್ನಡಿ ಹಾಗೆ ಕೇಳಿಸ್ತು. ಇನ್ನು ಲೋಕಕ್ಕೆ ಉತ್ತರ ಕೊಡು."

ಊಟಕ್ಕೆ ಒಬ್ಬಟ್ಟು ಇತ್ತು. ಹಬ್ಬವಲ್ಲ, ಹರಿದಿನವಲ್ಲ. ನನಗೆ ಅಮೃತೇಶ್ ಸಿಗುತ್ತಾನೆ ಎಂದು ನಾಗರತ್ನ ಮಾಡಿದ್ದಳು. ತುಪ್ಪ ಹಾಕಿಸಿಕೊಂಡು ತಿಂದೆ, ಇನ್ನೊಂದು ಬಡಿಸಿಕೊಂಡು ತಿಂದೆ.

ಅವನ ಉತ್ತರ ಬಂದದ್ದು ಮಾರನೆಯ ಬೆಳಿಗ್ಗೆ.

"ಅಣ್ಣ, ನಿಮಗೆ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಲೈಸೆನ್ಸ್ ಕೊಟ್ಟಿಲ್ಲ. ನಿನ್ನೆಯೆಲ್ಲ ಅವರ ಕಚೇರಿಗೂ ಬ್ಯಾಂಕಿಗೂ ಓಡಾಡಿದೆ, ಸಂಜೆಯೊಳಗೆ ಆಗುತ್ತದೆ ಎಂದುಕೊಂಡು ನಿಮಗೆ ತಿಳಿಸಲಿಲ್ಲ. ದುಡ್ಡು ಕಮ್ಮಿ ಬಂದಿದೆಯಂತೆ. ಮಧ್ಯದ ಬ್ಯಾಂಕಿನವರು ಏನೋ ಹಿಡಿದುಕೊಂಡಿದ್ದಾರೆ. ಜೊತೆಗೆ ಈ ವಾರ ಅವರ ದುಡ್ಡಿನ ಎದುರು ಡಾಲರ್ ಇಳಿದಿದೆ. ಕಮ್ಮಿಯಾದದ್ದು ನಮ್ಮೂರಲ್ಲಿ ಇಬ್ಬರು ಮಸಾಲೆದೋಸೆ ತಿನ್ನುವಷ್ಟು. ಕೈಯಲ್ಲಿ ಕೊಡುತ್ತೇನೆ ಎಂದರೂ ತಗೊಳ್ಳುವುದಿಲ್ಲ, ಅದೇ ಖಾತೆಯಿಂದ ಬರಬೇಕಂತೆ, ಅದಕ್ಕೆ ನಾನೇ ನರಸೀಪುರಕ್ಕೆ ಬಂದು ಸಹಿ ಹಾಕಬೇಕು. ಲೈಸೆನ್ಸ್ ಇಲ್ಲದೆ ಸೆಟ್ಟು ಹಚ್ಚಿದರೆ ಒಳಗೆ ಹಾಕುತ್ತಾರೆ. ಅಣ್ಣ, ನಾನು ಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದೇ ಇಲ್ಲ."

ಕೆಳಗೆ ಇನ್ನೊಂದು ಸಾಲಿತ್ತು: "ನಿನ್ನೆ ನಿಮಗೆ ಯಾರು ಕೇಳಿಸಿದ್ದು?"

ಎರಡು ವರ್ಷ ಡಾಲರ್ ಇಳಿಯಲಿ ಎಂದು ಕಾದೆವು. ಇಳಿಯಿತು, ಅಲ್ಲಿ. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಫೋನನ್ನು ಬೋರಲು ಹಾಕಿ ಕಚೇರಿಗೆ ಹೋದೆ. ಸ್ಟೋರಿನಲ್ಲಿ ಮೀಟರ್ ಪೆಟ್ಟಿಗೆಗಳ ಮಧ್ಯೆ ಕೂತು ದಿನವಿಡೀ ಒಂದೇ ಯೋಚನೆ. ಕಿವಿ ಸುಳ್ಳು ಹೇಳಬಹುದು, ಮುಳ್ಳು ಹೇಗೆ ಹೇಳಿತು? ಮುಳ್ಳು ಎದ್ದಿತ್ತಲ್ಲ. ಬೆರಳಿಗೆ ನಡುಕ ಬಂದಿತ್ತಲ್ಲ. ಬೇರೆ ಯಾರೋ ಇದ್ದಿರಬೇಕು, ಯಾರೋ ಒಬ್ಬ ನನ್ನನ್ನು ಕರೆದಿರಬೇಕು ಎಂದು ಹಟ ಹಿಡಿದು ನಂಬಿದೆ. ಸಂಜೆ ಮನೆಗೆ ಬರುವವರೆಗೂ ಆ ನಂಬಿಕೆ ಇತ್ತು.

ಬಂದವನೇ ಸೆಟ್ಟು ಹಾಕಿ ಅದೇ ಜಾಗದಲ್ಲಿ ಕೂತೆ. ಮುಳ್ಳು ಮಲಗಿತ್ತು. ಬೆಳಕು ಕೆಂಪಾದರೂ ಏಳಲಿಲ್ಲ. ನಾಗರತ್ನ ಬಾಗಿಲಿಗೆ ಬಂದು ಕಾಫಿ ಇಟ್ಟು ಹೋದಳು. ಆಗ ಮೇಜಿನ ಮೇಲಿದ್ದ, ನಿನ್ನೆ ಉಳಿದ ಒಬ್ಬಟ್ಟಿನ ತಟ್ಟೆ ಕಣ್ಣಿಗೆ ಬಿತ್ತು. ಹೂರಣ ನುಣ್ಣಗಿತ್ತು. ಬೇಳೆಯ ಒಂದು ಕಾಳೂ ಉಳಿದಿರಲಿಲ್ಲ.

"ನಾಗರತ್ನ," ಎಂದು ಕರೆದೆ. "ಹೋಗಿ ಮಿಕ್ಸಿ ಹಾಕು."

ಅವಳು ಯಾಕೆ ಎಂಬಂತೆ ನೋಡಿದಳು.

"ಹಾಕು. ನಿನ್ನೆ ಹೂರಣಕ್ಕೆ ಹೇಗೆ ಹಾಕಿದ್ಯೋ ಹಾಗೆ."

ಅವಳು ಒಳಗೆ ಹೋದಳು. ಮುಳ್ಳು ಎದ್ದಿತು. ಒಮ್ಮೆ ಚಿಕ್ಕದಾಗಿ, ಒಮ್ಮೆ ಉದ್ದಕ್ಕೆ. ಹೂರಣ ಗಟ್ಟಿಯಲ್ಲವೇ, ಬಿಟ್ಟು ಬಿಟ್ಟು ತಿರುಗಿಸಬೇಕು. ಬೆರಳ ಕೆಳಗೆ ಸ್ಪೀಕರ್ ನಡುಗಿತು. ನನ್ನ ಹುಡುಗ ಎಷ್ಟು ನಿಧಾನವಾಗಿ ಕಳಿಸುತ್ತಿದ್ದಾನೆ. ಬೇಳೆಬೆಲ್ಲಕ್ಕೆ ನಾನು ಐದು ಒಂಬತ್ತು ಒಂಬತ್ತು ಕೊಟ್ಟಿದ್ದೆ.

ಮುಳ್ಳು ಮಲಗಿತು. ನಾಗರತ್ನ ಬಾಗಿಲಿಗೆ ಬಂದು ನಿಂತಳು. ಅವಳು ಮುಳ್ಳನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು, ನೋಡುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಗೂಟ ನೋಡಿಕೊಂಡು ಸ್ವಿಚ್ ಮುಟ್ಟಿದವಳು. ನಿನ್ನೆಯೂ ನೋಡಿರಬೇಕು. ಹೆಡ್‌ಫೋನ್ ಗೂಟದಲ್ಲೇ ಇತ್ತು. ಮಳೆಗಾಲದಿಂದಲೂ ಅದು ಅಲ್ಲೇ ಇತ್ತು, ಕಿವಿ ಪೂರ್ತಿ ಹೋದದ್ದನ್ನು ನಾನು ಯಾರಿಂದ ಬಚ್ಚಿಟ್ಟಿದ್ದೆನೋ. ಅವಳು ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು.

"ನಿಮ್ಗೆ ಕೇಳಾಕಿಲ್ವಲ್ಲ ಅಂತ ಆಕ್ದೆ ಕಣ್ರೀ."

ಸೆಟ್ಟು ಆರಿಸಿದೆ. ಮುಳ್ಳಿನ ಗಾಜಿನೊಳಗಿನ ಹಳದಿ ದೀಪವೂ ಆರಿತು. ಅವಳಿಗೆ ಏನಾದರೂ ಹೇಳಬೇಕಿತ್ತು, ಅವಳದೇನೂ ತಪ್ಪಿರಲಿಲ್ಲ.

"ಇನ್ಮೇಲೆ ಯಾವಾಗ ಬೇಕಾದ್ರೂ ಹಾಕ್ಕೊ," ಎಂದೆ.

ಮೆಲ್ಲಗೇ ಹೇಳಿದೆ ಎಂದುಕೊಂಡಿದ್ದೆ. ಅವಳು ಬೆದರಿ ಹಿಂದಕ್ಕೆ ಸರಿದದ್ದು ನೋಡಿದರೆ ಕೂಗಿದ್ದೆನೇನೋ.